ಕಿವಿಗೆ ಬಂದ ಪುಸ್ತಕ

ತುಂಬ ತಿಳಿದವನನ್ನು ನಮ್ಮ ಹಿರಿಯರು ‘ಬಹುಶ್ರುತ’ ಎಂದು ಕರೆದರು. ಬಹಳ ಕೇಳಿದವನು ಎಂಬುದು ಆ ಪದದ ನೇರ ಅರ್ಥ. ಪುರಾಣಗಳ ಕೊನೆಯಲ್ಲಿ ಬರುವ ಫಲಶ್ರುತಿಯೂ ಓದಿದವರಿಗೆ ಒಂದು ಪುಣ್ಯ, ಕೇಳಿದವರಿಗೆ ಇನ್ನೊಂದು ಪುಣ್ಯ ಎಂದು ಭೇದ ಮಾಡುವುದಿಲ್ಲ. ಅಕ್ಷರ ಬಲ್ಲವರು ಊರಿಗೊಬ್ಬರೋ ಇಬ್ಬರೋ ಇದ್ದ ಕಾಲದಲ್ಲಿ ಪುಸ್ತಕ ಇದ್ದದ್ದೇ ಕೇಳುವುದಕ್ಕೆ. ಒಬ್ಬರು ಓದುತ್ತಿದ್ದರು, ಊರು ಕೇಳುತ್ತಿತ್ತು.

ಇಂದು ಬಸ್ಸಿನಲ್ಲಿ, ಮೆಟ್ರೊದಲ್ಲಿ, ಅಡುಗೆಮನೆಯಲ್ಲಿ, ಸಂಜೆಯ ನಡಿಗೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾದಂಬರಿ ಕೇಳುವವರು ಕಾಣಸಿಗುತ್ತಾರೆ. ಪತ್ತೇದಾರಿ ಕಥೆ, ಆತ್ಮಕಥೆ, ಇತಿಹಾಸ, ವಿಜ್ಞಾನ, ಮಕ್ಕಳ ಕಥೆ ಎಲ್ಲವೂ ಧ್ವನಿಯ ರೂಪದಲ್ಲಿ ಸಿಗುತ್ತವೆ. ಆದರೂ ‘ಆ ಪುಸ್ತಕ ಓದಿದೆ’ ಎನ್ನಲು ಇವರಲ್ಲಿ ಹಲವರು ಹಿಂಜರಿಯುತ್ತಾರೆ. ಕೇಳಿದ್ದು ಓದಿದಂತಾದೀತೇ ಎಂಬ ಅನುಮಾನ ಅವರನ್ನು ಕಾಡುತ್ತದೆ. ಈ ಅನುಮಾನ ಹೊಸದಲ್ಲ. ಧ್ವನಿಪುಸ್ತಕ ಹುಟ್ಟಿದ ದಿನದಿಂದಲೂ ಅದರ ಬೆನ್ನಿಗಿದೆ. ಅದಕ್ಕೆ ಉತ್ತರ ಹುಡುಕಬೇಕಾದರೆ, ಈ ಪುಸ್ತಕ ಮೊದಲು ಯಾರಿಗಾಗಿ ತಯಾರಾಯಿತು ಎಂಬುದನ್ನು ನೋಡಬೇಕು.

ತಗಡಿನ ಹಾಳೆಯ ಕನಸು

ಅಮೆರಿಕದ ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ರೂಪಿಸಿದ. ತಿರುಗುವ ಉರುಳೆಗೆ ಸುತ್ತಿದ ತೆಳು ತಗಡಿನ ಹಾಳೆ, ಅದರ ಮೇಲೆ ಗೀರು ಮೂಡಿಸುವ ಮುಳ್ಳು. ಇಷ್ಟೇ ಆ ಯಂತ್ರದ ಸಾರ. ಅದರಲ್ಲಿ ಅವನು ಮುದ್ರಿಸಿದ್ದು ಮಕ್ಕಳ ಪದ್ಯವೊಂದರ ಸಾಲುಗಳನ್ನು. ಮನುಷ್ಯನ ದನಿ ಮನುಷ್ಯನಿಲ್ಲದೆ ಮತ್ತೆ ಕೇಳಿಸಿದ್ದು ಆಗ.

ಮರುವರ್ಷ ‘ನಾರ್ತ್ ಅಮೆರಿಕನ್ ರಿವ್ಯೂ’ ಪತ್ರಿಕೆಗೆ ಬರೆದ ಲೇಖನದಲ್ಲಿ ಎಡಿಸನ್ ತನ್ನ ಯಂತ್ರದಿಂದ ಆಗಬಹುದಾದ ಉಪಯೋಗಗಳನ್ನು ಪಟ್ಟಿ ಮಾಡಿದ. ಸಂಗೀತ ಆ ಪಟ್ಟಿಯ ತಲೆಯಲ್ಲಿ ಇರಲಿಲ್ಲ ಎಂಬುದು ಇಂದು ಸೋಜಿಗವೆನಿಸುತ್ತದೆ. ಪತ್ರಗಳನ್ನು ಹೇಳಿ ಬರೆಸುವುದು, ಅದರ ಬೆನ್ನಿಗೇ ದೃಷ್ಟಿಯಿಲ್ಲದವರಿಗೆ ತಾನಾಗಿ ಓದಿ ಹೇಳುವ ಪುಸ್ತಕಗಳು, ಇವು ಅವನ ಮನಸ್ಸಿಗೆ ಸಂಗೀತಕ್ಕಿಂತ ಮೊದಲು ಬಂದಿದ್ದವು.

ಕನಸು ಚೆನ್ನಾಗಿತ್ತು. ಯಂತ್ರಕ್ಕೆ ಅಷ್ಟು ತ್ರಾಣ ಇರಲಿಲ್ಲ. ತಗಡಿನ ಹಾಳೆ ನಾಲ್ಕಾರು ಬಾರಿ ಕೇಳುವಷ್ಟರಲ್ಲಿ ಸವೆಯುತ್ತಿತ್ತು. ಆಮೇಲೆ ಬಂದ ಗ್ರಾಮಫೋನ್ ತಟ್ಟೆಗಳು ಗಟ್ಟಿಯಾಗಿದ್ದವು, ಆದರೆ ಅವುಗಳಲ್ಲಿ ಮೂರು-ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಸಂಗೀತ ಈ ಮಿತಿಗೆ ಒಗ್ಗಿಕೊಂಡಿತು. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ ದೇಶದಲ್ಲೆಲ್ಲ ಹೆಸರಾದ ಗೌಹರ್ ಜಾನ್, ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಹೇಳಿ ಮುಗಿಸುವ ಚಾಕಚಕ್ಯತೆ ತೋರಿದರು. (ಮೈಸೂರು ಅರಮನೆಯ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದ ಅವರು ತೀರಿಕೊಂಡದ್ದು 1930ರಲ್ಲಿ, ಮೈಸೂರಿನಲ್ಲಿಯೇ.) ರಾಗವನ್ನು ಹೀಗೆ ಕುಗ್ಗಿಸಬಹುದು. ಕಾದಂಬರಿಯನ್ನು ಕುಗ್ಗಿಸುವುದು ಹೇಗೆ? ಓದಲು ಹತ್ತು ಗಂಟೆ ಹಿಡಿಯುವ ಪುಸ್ತಕಕ್ಕೆ ಅಂಥ ತಟ್ಟೆಗಳ ದೊಡ್ಡ ರಾಶಿಯೇ ಬೇಕಾಗುತ್ತಿತ್ತು. ಹೀಗಾಗಿ ಎಡಿಸನ್‌ನ ಕನಸು ಅರ್ಧ ಶತಮಾನ ಕಾಯಬೇಕಾಯಿತು.

ಯುದ್ಧದಿಂದ ಮರಳಿದವರು

ಆ ಕಾಯುವಿಕೆಯನ್ನು ಕೊನೆಗೊಳಿಸಿದ್ದು ಮೊದಲ ಮಹಾಯುದ್ಧ. ಸಿಡಿಗುಂಡು, ವಿಷಾನಿಲಗಳಿಗೆ ಸಿಕ್ಕಿ ಕಣ್ಣು ಕಳೆದುಕೊಂಡ ತರುಣರು ಯುರೋಪಿನ ರಣರಂಗದಿಂದ ಮನೆಗೆ ಮರಳಿದರು. ಉಬ್ಬು ಚುಕ್ಕೆಗಳ ಬ್ರೈಲ್ ಲಿಪಿ ಅಷ್ಟು ಹೊತ್ತಿಗೆ ಬಳಕೆಗೆ ಬಂದು ಬಹಳ ಕಾಲವಾಗಿತ್ತು. ಆದರೆ ಬಾಲ್ಯದಿಂದಲೇ ಬೆರಳಿನಲ್ಲಿ ಓದಿ ಪಳಗಿದವರಿಗೆ ಒಲಿದಂತೆ ಅದು ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಿಗೆ ಒಲಿಯುವುದು ಕಷ್ಟ. ಬಂದೂಕು ಹಿಡಿದು, ಕೆಲಸ ಮಾಡಿ ಒರಟಾದ ಬೆರಳಿಗೆ ಆ ಸೂಕ್ಷ್ಮ ಚುಕ್ಕೆಗಳು ಸುಲಭವಾಗಿ ದಕ್ಕುವುದಿಲ್ಲ.

1916ರಲ್ಲಿ ಸೊಮ್ ಕದನದಲ್ಲಿ ಕಣ್ಣು ಕಳೆದುಕೊಂಡ ಬ್ರಿಟಿಷ್ ಅಧಿಕಾರಿ ಇಯಾನ್ ಫ್ರೇಸರ್ ಇಂಥವರಲ್ಲಿ ಒಬ್ಬರು. ಅಂಧ ಸೈನಿಕರ ಪುನರ್ವಸತಿಗೆಂದು ಲಂಡನ್ನಿನಲ್ಲಿದ್ದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯ ಹೊಣೆ 1921ರಲ್ಲಿ ಅವರ ಮೇಲೆ ಬಿತ್ತು. ಗ್ರಾಮಫೋನ್ ತಟ್ಟೆಯಲ್ಲಿ ಪುಸ್ತಕ ಹಿಡಿಸುವ ಪ್ರಯೋಗಗಳಿಗೆ ಅವರು ಬೆಂಬಲವಾಗಿ ನಿಂತರು. ಅತ್ತ ಅಮೆರಿಕದಲ್ಲಿ ಅದೇ ಕೆಲಸದ ಹಿಂದೆ ಬಿದ್ದವರು ರಾಬರ್ಟ್ ಅರ್ವಿನ್. ಐದನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡಿದ್ದ ಅವರು ಅಮೆರಿಕನ್ ಫೌಂಡೇಷನ್ ಫಾರ್ ದಿ ಬ್ಲೈಂಡ್ ಸಂಸ್ಥೆಯ ಮುಖ್ಯಸ್ಥರಾಗಿದ್ದರು.

ತಾಂತ್ರಿಕ ಪರಿಹಾರ ಸರಳವಾಗಿತ್ತು. ತಟ್ಟೆ ನಿಧಾನವಾಗಿ ತಿರುಗಬೇಕು, ಗೀರುಗಳು ಒತ್ತೊತ್ತಾಗಿರಬೇಕು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ತಟ್ಟೆಯನ್ನು ಅಮೆರಿಕದವರು ಮೂವತ್ತಮೂರೂಕಾಲು ಸುತ್ತಿನ ಆಸುಪಾಸಿಗೆ ಇಳಿಸಿದರು. ಒಂದು ಮಗ್ಗುಲಿಗೆ ಹದಿನೈದು ನಿಮಿಷದ ಓದು ಹಿಡಿಸಿತು. ಬ್ರಿಟಿಷರು ಇನ್ನೂ ಕೆಳಗಿಳಿದು 24 ಸುತ್ತಿಗೆ ತಂದರು. ಮಗ್ಗುಲಿಗೆ ಇಪ್ಪತ್ತೈದು ನಿಮಿಷ ಸಿಕ್ಕಿತು. ಮಾತಿಗೆ ಸಂಗೀತದಷ್ಟು ನಯ ಬೇಕಿಲ್ಲವಾದ್ದರಿಂದ ಇದು ಸಾಧ್ಯವಾಯಿತು. ಸಂಗೀತಪ್ರಿಯರಿಗೆ ‘ಲಾಂಗ್ ಪ್ಲೇ’ ತಟ್ಟೆ ಮಾರುಕಟ್ಟೆಯಲ್ಲಿ ಜನಪ್ರಿಯವಾದದ್ದು 1948ರಿಂದ ಈಚೆಗೆ. ಅದಕ್ಕೆ ಹದಿನಾಲ್ಕು ವರ್ಷ ಮೊದಲೇ, 1934ರಲ್ಲಿ, ಅಮೆರಿಕದ ಅಂಧ ಓದುಗರ ಮನೆಗೆ ಅಂಥ ತಟ್ಟೆಗಳು ಗ್ರಂಥಾಲಯದಿಂದ ಅಂಚೆಯಲ್ಲಿ ಬರತೊಡಗಿದ್ದವು.

ಹೆಲೆನ್ ಕೆಲ್ಲರ್ ಅವರ ಹಿಂಜರಿಕೆ

ಈ ಹೊಸ ಪುಸ್ತಕವನ್ನು ಎಲ್ಲರೂ ತೆರೆದ ಮನಸ್ಸಿನಿಂದ ಸ್ವಾಗತಿಸಲಿಲ್ಲ. ವಿರೋಧ ಬಂದದ್ದು ಅಂಧರ ನಡುವಿನಿಂದಲೂ ಹೌದು. ಬ್ರೈಲ್ ಲಿಪಿಗಾಗಿ ವರ್ಷಗಟ್ಟಲೆ ದುಡಿದವರಿಗೆ, ಕೇಳುವ ಸುಖಕ್ಕೆ ಬಿದ್ದ ಮಕ್ಕಳು ಓದುವುದನ್ನೇ ಬಿಟ್ಟಾರು ಎಂಬ ಭಯವಿತ್ತು. ಬ್ರೈಲ್ ಬಲ್ಲವನು ಬರೆಯಲೂ ಬಲ್ಲ, ಕೇಳುಗ ಬರೆಯಲಾರ. ಈ ಭಯದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ.

ಹೆಲೆನ್ ಕೆಲ್ಲರ್ ಅವರ ಆಕ್ಷೇಪ ಬೇರೆ ಬಗೆಯದು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕೋಟಿ ಸಂಖ್ಯೆಯ ಜನ ಕೆಲಸವಿಲ್ಲದೆ ಅಲೆಯುತ್ತಿರುವಾಗ ಮಾತಾಡುವ ಪುಸ್ತಕಕ್ಕೆ ಚಂದಾ ಎತ್ತುವುದು ಸರಿಯಲ್ಲ, ಅಂಧರು ಸದ್ಯಕ್ಕೆ ಈ ಐಷಾರಾಮ ಇಲ್ಲದೆಯೇ ಬದುಕಬಲ್ಲರು ಎಂದು ಅವರು ಮೊದಮೊದಲು ಪ್ರಚಾರಕ್ಕೆ ಒಪ್ಪಲಿಲ್ಲ. ಆಮೇಲೆ ಮನಸ್ಸು ಬದಲಿಸಿದರು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದ ನೆರವು ದೊರಕಿಸುವುದರಲ್ಲಿ ಅವರ ಪಾತ್ರವಿತ್ತು. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿಯೇ ಈ ಯಂತ್ರಗಳನ್ನು ತಯಾರಿಸುವ ವ್ಯವಸ್ಥೆ ಆಯಿತು. ಕೆಲಸವಿಲ್ಲದವರಿಗೆ ಕೆಲಸ ಸಿಕ್ಕಿತು, ಅಂಧರಿಗೆ ಪುಸ್ತಕ ಸಿಕ್ಕಿತು. ಕಣ್ಣಿನ ಜೊತೆ ಕಿವಿಯೂ ಇಲ್ಲದ ಹೆಲೆನ್ ಕೆಲ್ಲರ್ ಮಾತ್ರ ತಾವು ಹೋರಾಡಿ ತಂದ ಪುಸ್ತಕಗಳಲ್ಲಿ ಒಂದನ್ನೂ ಕೇಳುವಂತಿರಲಿಲ್ಲ.

ಯಾವ ಪುಸ್ತಕ ಮೊದಲು?

ನೂರಾರು ಪುಸ್ತಕಗಳಲ್ಲಿ ಯಾವುದನ್ನು ಮೊದಲು ಮುದ್ರಿಸಬೇಕು? ಹಣ ಕೊಡುವವರಿಗೆ ಒಪ್ಪಿಗೆಯಾಗುವಂಥದೇ, ಕೇಳುವವರಿಗೆ ಬೇಕಾದದ್ದೇ? ಅಮೆರಿಕದ ಮೊದಲ ಕಂತಿನಲ್ಲಿ ಬೈಬಲ್ಲಿನ ಭಾಗಗಳು, ದೇಶದ ಸಂವಿಧಾನ, ಷೇಕ್ಸ್‌ಪಿಯರ್ ಇದ್ದರು. ಬ್ರಿಟನ್ನಿನಲ್ಲಿ 1935ರ ನವೆಂಬರಿನಲ್ಲಿ ಆರಂಭವಾದ ಗ್ರಂಥಾಲಯದಲ್ಲಿ ಬೈಬಲ್ಲಿನ ಯೋಹಾನನ ಸುವಾರ್ತೆಯ ಪಕ್ಕದಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಎಂಬ ಪತ್ತೇದಾರಿ ಕಾದಂಬರಿಯೂ ಜೋಸೆಫ್ ಕಾನ್ರಾಡ್ ಅವರ ‘ಟೈಫೂನ್’ ಎಂಬ ಕಡಲ ಕಥೆಯೂ ಇದ್ದವು. ಕಣ್ಣಿಲ್ಲದವರಿಗೆ ನೀತಿಬೋಧೆ ಸಾಕು ಎಂಬ ದೊಡ್ಡಸ್ತಿಕೆಯನ್ನು ಈ ಆಯ್ಕೆ ಬದಿಗಿಟ್ಟಿತು. ಇತರರಿಗೆ ಇರುವಂತೆ ಅಂಧರಿಗೂ ಕೊಲೆಗಾರ ಯಾರೆಂಬ ಕುತೂಹಲ ಇರುತ್ತದಲ್ಲ!

ಆ ಕಾಲದ ತಟ್ಟೆಗಳು ಒಡೆದು, ಸವೆದು ಬಹುಪಾಲು ಕಾಣೆಯಾಗಿವೆ. ‘ಟೈಫೂನ್’ನ ನಾಲ್ಕು ತಟ್ಟೆಗಳು ಕೆನಡಾದಲ್ಲಿ ಉಳಿದಿದ್ದುದು ತಿಳಿದುಬಂದದ್ದು 2016ರಲ್ಲಿ. ಧ್ವನಿಪುಸ್ತಕದ ಇತಿಹಾಸ ಬರೆದ ಲಂಡನ್ನಿನ ವಿದ್ವಾಂಸ ಮ್ಯಾಥ್ಯೂ ರೂಬರಿ ಅವುಗಳನ್ನು ಬೆಳಕಿಗೆ ತಂದರು.

ಓದುವ ರೀತಿಯ ಬಗ್ಗೆಯೂ ಚರ್ಚೆ ನಡೆಯಿತು. ಓದುವವನು ನಟನಂತೆ ಅಳಬೇಕೆ, ನಗಬೇಕೆ, ಪಾತ್ರಕ್ಕೊಂದು ದನಿ ಮಾಡಬೇಕೆ? ಅತಿಯಾದ ಅಭಿನಯ ಕೇಳುಗನಿಗೂ ಕೃತಿಗೂ ನಡುವೆ ಅಡ್ಡ ನಿಲ್ಲುತ್ತದೆ. ಏನೂ ಭಾವವಿಲ್ಲದ ಓದು ನಿದ್ದೆ ತರಿಸುತ್ತದೆ. ಈ ಎರಡರ ನಡುವಿನ ಹದ ಕಂಡುಕೊಂಡವರಲ್ಲಿ ಅಮೆರಿಕದ ನಟ ಅಲೆಕ್ಸಾಂಡರ್ ಸ್ಕೋರ್ಬಿ ಪ್ರಸಿದ್ಧರು. ಅಂಧರಿಗಾಗಿ ಅವರು ಓದಿದ ಪುಸ್ತಕಗಳು 400ಕ್ಕೂ ಹೆಚ್ಚು.

ಇಬ್ಬರು ತರುಣಿಯರ ಸಾಹಸ

ಬಹುಕಾಲ ಈ ಪುಸ್ತಕಗಳು ಕಣ್ಣಿದ್ದವರ ಕೈಗೆ ಸಿಗುವಂತಿರಲಿಲ್ಲ. ಮಾರಾಟ ಕೆಟ್ಟೀತೆಂದು ಅಂಜಿದ ಪ್ರಕಾಶಕರು, ಅಂಧರಿಗೆ ಮಾತ್ರ ಎಂಬ ಕರಾರಿನ ಮೇಲೆಯೇ ಅನುಮತಿ ಕೊಟ್ಟಿದ್ದರು. ಇತರರಿಗೆ ಸಾಹಿತ್ಯವನ್ನು ಕೇಳಿಸುವ ವ್ಯಾಪಾರಕ್ಕೆ ದಾರಿ ತೆರೆದವರು ನ್ಯೂಯಾರ್ಕಿನ ಇಬ್ಬರು ತರುಣಿಯರು, ಬಾರ್ಬರಾ ಕೋಹೆನ್ ಮತ್ತು ಮೇರಿಯಾನ್ ರೋನಿ. ಆಗ ತಾನೇ ಕಾಲೇಜು ಮುಗಿಸಿದ್ದ, ಇಪ್ಪತ್ತೆರಡರ ವಯಸ್ಸಿನ ಇವರು 1952ರಲ್ಲಿ ವೇಲ್ಸ್ ಕವಿ ಡಿಲನ್ ಥಾಮಸ್‌ನನ್ನು ಹಿಡಿದು, ಅವನ ಕವಿತೆಗಳನ್ನು ಅವನ ದನಿಯಲ್ಲೇ ಮುದ್ರಿಸಿಕೊಂಡರು. ತಟ್ಟೆಯ ಇನ್ನೊಂದು ಮಗ್ಗುಲು ತುಂಬಲು ಕವಿತೆ ಸಾಲದಾದಾಗ, ಪತ್ರಿಕೆಯೊಂದರಲ್ಲಿ ಪ್ರಕಟವಾಗಿದ್ದ ತನ್ನ ಗದ್ಯವೊಂದನ್ನು ಕವಿಯೇ ಸೂಚಿಸಿದ. ವೇಲ್ಸಿನ ಬಾಲ್ಯದ ಕ್ರಿಸ್‌ಮಸ್ ನೆನಪುಗಳ ಆ ಗದ್ಯವನ್ನು ಅದುವರೆಗೆ ಹೆಚ್ಚು ಜನ ಬಲ್ಲವರಿರಲಿಲ್ಲ. ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಕೇಳಿಸಿಕೊಂಡಿದ್ದರಿಂದಲೇ ಆ ಬರಹ ಉಳಿಯಿತು.

ತಮ್ಮ ಸಂಸ್ಥೆಗೆ ಅವರಿಟ್ಟ ಹೆಸರು ‘ಕೇಡ್ಮನ್’. ಹೆಸರು ಗೊತ್ತಿರುವ ಇಂಗ್ಲಿಷ್ ಕವಿಗಳಲ್ಲಿ ಮೊದಲಿಗ ಎನಿಸಿಕೊಂಡ ಕೇಡ್ಮನ್ ದನ ಕಾಯುತ್ತಿದ್ದವನು. ಓದು ಬರಹ ತಿಳಿಯದ ಅವನು ಕೇಳಿದ ಕಥೆಗಳನ್ನೇ ಪದ್ಯವಾಗಿ ಹಾಡುತ್ತಿದ್ದನೆಂದು ಚರಿತ್ರೆ ಹೇಳುತ್ತದೆ.

ದಾರಿ ಸವೆಸುವ ಕಥೆ

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಅಂಗೈಯಗಲದ ಕ್ಯಾಸೆಟ್, ಪುಸ್ತಕವನ್ನು ಕಾರಿನೊಳಕ್ಕೆ ಒಯ್ದಿತು. ಲಾಸ್ ಏಂಜಲಿಸ್‌ನ ಕಚೇರಿಗೆ ದಿನಾ ಗಂಟೆಗಟ್ಟಲೆ ಕಾರು ಓಡಿಸುತ್ತಿದ್ದ ಡುವಾಲ್ ಹೆಕ್ಟ್ ಎಂಬವರಿಗೆ ರೇಡಿಯೊದಲ್ಲಿ ಬರುವ ಹಾಡು, ಸುದ್ದಿಗಳು ಬೇಸರ ತರಿಸಿದ್ದವು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧೆಯ ಚಿನ್ನ ಗೆದ್ದಿದ್ದ ಈ ಮನುಷ್ಯ 1975ರಲ್ಲಿ ‘ಬುಕ್ಸ್ ಆನ್ ಟೇಪ್’ ಸಂಸ್ಥೆ ಕಟ್ಟಿ, ಇಡೀ ಪುಸ್ತಕದ ಕ್ಯಾಸೆಟ್ಟುಗಳನ್ನು ಅಂಚೆಯ ಮೂಲಕ ಬಾಡಿಗೆಗೆ ಕೊಡತೊಡಗಿದರು. 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲೆ ನಡೆದಾಡುವವರಿಗೂ ಪುಸ್ತಕ ಸಿಕ್ಕಿತು. 1995ರಲ್ಲಿ ಆರಂಭವಾದ ಆಡಿಬಲ್ ಸಂಸ್ಥೆ ಎರಡು ವರ್ಷದ ಬಳಿಕ ತಂದ ಪುಟ್ಟ ಯಂತ್ರದಲ್ಲಿ ಹಿಡಿಸುತ್ತಿದ್ದದ್ದು ಎರಡು ಗಂಟೆಯ ಓದು ಮಾತ್ರ. ಈಗಿನ ಸಾಧಾರಣ ಮೊಬೈಲಿನಲ್ಲಿಯೂ ಒಂದು ಕಪಾಟಿನಷ್ಟು ಪುಸ್ತಕಗಳು ಹಿಡಿಸುತ್ತವೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಹಂಚುವ ‘ಲಿಬ್ರಿವಾಕ್ಸ್’ ಯೋಜನೆ 2005ರಲ್ಲಿ ಶುರುವಾಯಿತು. ಅದರಲ್ಲಿ ಮೊದಲು ಮುಗಿದ ಪುಸ್ತಕವೂ ಕಾನ್ರಾಡ್ ಅವರದೇ, ‘ದಿ ಸೀಕ್ರೆಟ್ ಏಜೆಂಟ್’.

ಇನ್ನು ಕೇಳುವುದು ಓದಿದಂತೆಯೇ ಎಂಬ ಪ್ರಶ್ನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ವಿಜ್ಞಾನಿಗಳು ಒಂದೇ ಕಥೆಗಳನ್ನು ಕೆಲವರಿಗೆ ಕೇಳಿಸಿ, ಅವರಿಂದಲೇ ಓದಿಸಿಯೂ ನೋಡಿದರು. ಪದಗಳ ಅರ್ಥ ಗ್ರಹಿಸುವಾಗ ಮಿದುಳಿನಲ್ಲಿ ಮೂಡುವ ಚಟುವಟಿಕೆಯ ನಕ್ಷೆ ಎರಡೂ ಸಲ ಬಹುಮಟ್ಟಿಗೆ ಒಂದೇ ಆಗಿತ್ತೆಂದು 2019ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸಿತು. ವ್ಯತ್ಯಾಸಗಳಿಲ್ಲವೆಂದಲ್ಲ. ಓದುವವನು ತಿಳಿಯದ ಸಾಲಿಗೆ ಕಣ್ಣು ಹಿಂದೆ ಹಾಯಿಸುತ್ತಾನೆ. ಕೇಳುವವನಿಗೆ ಅದು ಅಷ್ಟು ಸಲೀಸಲ್ಲ. ಅಂಕಿಅಂಶ, ಸಮೀಕರಣಗಳು ತುಂಬಿದ ಪುಸ್ತಕ ಕಿವಿಗೆ ಭಾರ. ಕಥೆ, ಆತ್ಮಕಥೆ, ಪ್ರವಾಸ ಕಥನಗಳಿಗೆ ದನಿ ಸೇರಿದರೆ ಸೊಗಸು ಹೆಚ್ಚುವುದುಂಟು.

ಹಕ್ಕಿನ ಮಾತು

ಕಣ್ಣಿದ್ದವರಿಗೆ ಇದು ಅನುಕೂಲದ ಮಾತು. ಇಲ್ಲದವರಿಗೆ ಹಕ್ಕಿನ ಮಾತು. ಜಗತ್ತಿನಲ್ಲಿ ಪ್ರಕಟವಾಗುವ ಪುಸ್ತಕಗಳಲ್ಲಿ ಅಂಧರು ಓದಬಲ್ಲ ರೂಪಕ್ಕೆ ಬರುವುದು ಶೇಕಡಾ ಹತ್ತಕ್ಕಿಂತ ಕಡಿಮೆ ಎಂದು ವಿಶ್ವ ಅಂಧರ ಒಕ್ಕೂಟ ಹೇಳುತ್ತ ಬಂದಿದೆ. ಇದಕ್ಕೆ ಅವರು ಇಟ್ಟ ಹೆಸರು ‘ಪುಸ್ತಕಗಳ ಬರಗಾಲ’. ಬಹುಕಾಲ ಇದಕ್ಕೆ ಕಾರಣವಾಗಿದ್ದುದು ಹಕ್ಕುಸ್ವಾಮ್ಯ ಕಾಯಿದೆ. ಪ್ರತಿ ಪುಸ್ತಕಕ್ಕೂ ಅನುಮತಿ ಬೇಡಬೇಕು, ಒಂದು ದೇಶದಲ್ಲಿ ತಯಾರಾದ ಪ್ರತಿಯನ್ನು ಇನ್ನೊಂದು ದೇಶಕ್ಕೆ ಕಳಿಸುವಂತಿಲ್ಲ.

ಈ ವಿಷಯದಲ್ಲಿ ಭಾರತ ಮುಂದಾಳಾಯಿತು. ಅಂಗವಿಕಲರಿಗಾಗಿ ಪುಸ್ತಕವನ್ನು ಬ್ರೈಲ್, ಧ್ವನಿ ಮುಂತಾದ ರೂಪಗಳಿಗೆ ಲಾಭದ ಉದ್ದೇಶವಿಲ್ಲದೆ ಬದಲಿಸಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲವೆಂದು 2012ರಲ್ಲಿ ಸಂಸತ್ತು ಕಾಯಿದೆ ತಿದ್ದಿತು. ಮರುವರ್ಷ ಮೊರಾಕ್ಕೊ ದೇಶದ ಮರಾಕೇಶ್ ನಗರದಲ್ಲಿ ಇದೇ ಆಶಯದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಇಪ್ಪತ್ತು ದೇಶಗಳು ಸೇರಿದ ಮೇಲೆ 2016ರ ಸೆಪ್ಟೆಂಬರಿನಲ್ಲಿ ಒಪ್ಪಂದ ಜಾರಿಗೆ ಬಂತು. ಅದೇ ವರ್ಷ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ನಮ್ಮಲ್ಲಿ ತೆರೆಯಿತು.

ಕನ್ನಡದ ಕಿವಿ

ಕನ್ನಡಕ್ಕೆ ಕೇಳುವ ಪುಸ್ತಕ ಹೊರಗಿನಿಂದ ಬಂದದ್ದೇನಲ್ಲ. ವಿಶೇಷವಾಗಿ ಓದದವರೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಈ ನಾಡಿನ ಜನರನ್ನು ಮೆಚ್ಚಿಕೊಂಡಿದೆ. ಓದದವರಿಗೆ ಕಾವ್ಯ ದಕ್ಕಿದ್ದು ಕಿವಿಯಿಂದಲ್ಲದೆ ಬೇರೆ ಹೇಗೆ? ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳು ಚಾವಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಮಳೆಗಾಲದ ರಾತ್ರಿಗಳಲ್ಲಿ ಗಮಕಿಗಳ ದನಿಯಲ್ಲಿ ಉಳಿದುಬಂದವು. ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನಿಸುವುದು ಈ ಕಲೆಯ ಕ್ರಮ. ರಾಗ ಪದ್ಯವನ್ನು ನುಂಗಬಾರದು, ಪದಚ್ಛೇದ ತಪ್ಪಬಾರದು, ಭಾವ ಬೇಕು ಆದರೆ ನಾಟಕವಾಗಬಾರದು ಎಂಬುದು ಗಮಕಿಗಳ ಪಾಠ. ಅಮೆರಿಕದ ಧ್ವನಿಮುದ್ರಣ ಕೊಠಡಿಗಳಲ್ಲಿ 1930ರ ದಶಕದಲ್ಲಿ ಚರ್ಚೆಯಾದ ಹದವನ್ನು ನಮ್ಮ ಗಮಕಿಗಳು ಬಹು ಹಿಂದೆಯೇ ಕಂಡುಕೊಂಡಿದ್ದರು.

ಬ್ರಿಟನ್ನಿನ ಅಂಧರಿಗೆ ಧ್ವನಿಪುಸ್ತಕ ಸಿಕ್ಕ 1935ರಲ್ಲೇ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿ ಕೇಂದ್ರ ಆರಂಭಿಸಿದರು. ಮುಂದೆ ಗಮಕವೂ ಕಥೆ, ನಾಟಕಗಳೂ ರೇಡಿಯೊ ಮೂಲಕ ಹಳ್ಳಿಗಳ ಮನೆ ಸೇರಿದವು. ತುಂಗಾ ತೀರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಈ ಕಲೆ ಇನ್ನೂ ಉಸಿರಾಡುತ್ತಿದೆ ಎಂಬುದು ದೇಶಕ್ಕೆ ತಿಳಿಯಿತು.

ಇತ್ತೀಚಿನ ವರ್ಷಗಳಲ್ಲಿ ಕನ್ನಡದ ಕಥೆ, ಕಾದಂಬರಿಗಳು ಮೊಬೈಲಿಗೂ ಬಂದಿವೆ. ಆದರೆ ಒಳ್ಳೆಯ ದನಿಯಲ್ಲಿ ಓದಿಸುವುದು ಖರ್ಚಿನ ಕೆಲಸ. ಮುನ್ನೂರು ಪುಟದ ಕಾದಂಬರಿ ಓದಲು ಹತ್ತು ಗಂಟೆ ಬೇಕು. ತಪ್ಪು ತಿದ್ದಿ ಮುಗಿಸಲು ಅದರ ಎರಡು-ಮೂರು ಪಟ್ಟು ಸಮಯ ಹಿಡಿಯುತ್ತದೆ. ಎಲ್ಲ ಪುಸ್ತಕಗಳಿಗೂ ಓದುಗರನ್ನು ಹೊಂದಿಸುವುದು ಆಗದ ಮಾತು. ಅಲ್ಲಿ ನೆರವಿಗೆ ಬರಬೇಕಾದದ್ದು ಅಕ್ಷರವನ್ನು ಗುರುತಿಸಿ ಓದಿ ಹೇಳುವ ಕಂಪ್ಯೂಟರ್. ಇಬ್ಬರು ಅಂಧ ತರುಣರು ಆಸ್ಟ್ರೇಲಿಯಾದಲ್ಲಿ ರೂಪಿಸಿದ, ಉಚಿತವಾಗಿ ಸಿಗುವ ‘ಎನ್‌ವಿಡಿಎ’ ತಂತ್ರಾಂಶ ಕನ್ನಡವನ್ನೂ ಓದಬಲ್ಲದು. ತೊಡಕಿರುವುದು ಪುಸ್ತಕಗಳಲ್ಲಿ. ಕನ್ನಡದ ಬಹಳಷ್ಟು ಪುಸ್ತಕಗಳ ಅಕ್ಷರ ಜೋಡಣೆ ಆಗಿರುವುದು ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ. ಕಣ್ಣಿಗೆ ಅವು ಚೆಂದದ ಕನ್ನಡ. ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಥ ಕಡತವನ್ನು ಕೊಟ್ಟರೆ ಯಂತ್ರ ತೊದಲುತ್ತದೆ, ಕೇಳುವ ವಿದ್ಯಾರ್ಥಿ ಕೈಚೆಲ್ಲುತ್ತಾನೆ.

ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳು ಇವೆ. ಪ್ರಕಾಶಕರು ಪುಸ್ತಕ ಅಚ್ಚಿಗೆ ಕಳಿಸುವಾಗಲೇ ಯುನಿಕೋಡ್ ಪ್ರತಿಯೊಂದನ್ನು ತೆಗೆದಿಟ್ಟರೆ, ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ತಮ್ಮ ಹಳೆಯ ಪ್ರಕಟಣೆಗಳನ್ನು ಬದಲಿಸಿ ಅಂಧರ ಗ್ರಂಥಾಲಯಗಳಿಗೆ ಕೊಟ್ಟರೆ, ಕಾರಂತ, ಕುವೆಂಪು, ಅನುಪಮಾ ನಿರಂಜನ ಎಲ್ಲರೂ ಆ ಓದುಗರಿಗೆ ಸಿಗುತ್ತಾರೆ. ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಬಿಡುವು ಮಾಡಿಕೊಂಡು ಪಠ್ಯ ಓದಿ ಹೇಳಲಿ ಎಂದು ಕಾದು ಕೂರುವ ವಿದ್ಯಾರ್ಥಿಗೆ, ಪರೀಕ್ಷೆಯ ಹಿಂದಿನ ರಾತ್ರಿ ಯಾರ ಹಂಗೂ ಇಲ್ಲದೆ ತನ್ನ ಪುಸ್ತಕವನ್ನು ತಾನೇ ತೆರೆಯಲು ಸಾಧ್ಯವಾಗುತ್ತದೆ.